ಹಿಂಬಾಗಿಲ ಹಿಂದಿನ ಕೋಟು

ಎಲ್ಲ ಮುಗಿದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ಅವಳು ಅಡುಗೆಮನೆಗೆ ಹೋದಾಗ ಹಿಂಬಾಗಿಲು ಮುಚ್ಚಿತ್ತು.

ಗಂಡ ಹೋದ ಮರುದಿನದಿಂದ ಆ ಬಾಗಿಲು ಹಗಲೆಲ್ಲ ಗೋಡೆಗೆ ಒರಗಿಕೊಂಡು ತೆರೆದೇ ಇತ್ತು. ಕುರ್ಚಿ ತಂದವರು, ಪಾತ್ರೆ ತಂದವರು, ಅಳಲು ಬಂದವರು, ಅಳುವವರನ್ನು ನೋಡಲು ಬಂದವರು, ಎಲ್ಲರೂ ಹಿಂದಿನ ಮೆಟ್ಟಿಲು ಹತ್ತಿ, ಅಡುಗೆಮನೆ ಹಾದೇ ಓಡಾಡಿದ್ದರು. ಅವಳು ಮಾತ್ರ ಮುಂದಿನ ಕೋಣೆ ಬಿಟ್ಟು ಕದಲಿರಲಿಲ್ಲ. ಅಂತ್ಯಕ್ರಿಯೆಯಾದ ಮೇಲೆ ನೆಂಟರು ಒಬ್ಬೊಬ್ಬರಾಗಿ ಕರಗಿದರು. ಅಷ್ಟು ದಿನ ಅಡುಗೆಮನೆಯನ್ನು ಹೊತ್ತಿದ್ದ ಗಂಡನ ಅಕ್ಕ ಹಿಂದಿನ ಸಂಜೆ ಪಾತ್ರೆಗಳನ್ನೆಲ್ಲ ಬೋರಲು ಹಾಕಿ, ಹಿಂಬಾಗಿಲಿಗೆ ಅಗುಳಿ ಜಡಿದು, "ಊಟ ಬಿಡಬೇಡ ಕಣೇ" ಎಂದಷ್ಟೇ ಹೇಳಿ ರೈಲು ಹತ್ತಿದ್ದಳು.

ಬಾಗಿಲು ಮುಚ್ಚಿದ್ದರಿಂದ ಅದರ ಹಿಂದಿನ ಗೋಡೆ ಕಾಣುತ್ತಿತ್ತು. ಗೋಡೆಯ ಮೊಳೆಯಲ್ಲಿ ಒಂದು ಕೋಟು ನೇತಾಡುತ್ತಿತ್ತು.

ಅದು ಅವರ ಮನೆಯದಲ್ಲ. ಕಂದು ಬಣ್ಣದ ದಪ್ಪ ಉಣ್ಣೆಯ ಕೋಟು, ಮೊಣಕಾಲು ದಾಟುವಷ್ಟು ಉದ್ದ. ಒಂದು ಗುಂಡಿಯ ಜಾಗದಲ್ಲಿ ತಂತಿ ಸುತ್ತಿತ್ತು. ಹೊಗೆ, ಬೆವರು, ಒದ್ದೆ ನಾಯಿ, ಮೂರೂ ಬೆರೆತ ವಾಸನೆ. ಅವಳ ಗಂಡ ಕುಳ್ಳ. ಇದನ್ನು ಹಾಕಿಕೊಂಡರೆ ನೆಲ ಗುಡಿಸುತ್ತ ನಡೆಯಬೇಕಾಗಿತ್ತು.

ಎಷ್ಟೋ ದಿನಗಳ ಮೇಲೆ ಮೈಯಲ್ಲಿ ಏನೋ ಅಲುಗಿತ್ತು. ಅದು ಭಯ ಎಂದು ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಬಾಲ್ಕನಿಗೆ ಹೋಗಿ ಗುಳಿಗೆ ಆಂಟಿಯನ್ನು ಕರೆದಳು. ಕೆಳಗಿನ ಔಷಧಿ ಅಂಗಡಿ ಆಕೆಯದು. ಆಕೆ ಕೊಡುವ ಮಾತ್ರೆಗಿಂತ ಆಕೆಯ ಮಾತು ಕಹಿ, ಆದರೆ ಬೇಗ ಕೆಲಸ ಮಾಡುತ್ತದೆ ಎಂದು ಬೀದಿಯಲ್ಲಿ ಹೆಸರು. ಅರ್ಧ ಎತ್ತಿದ್ದ ಷಟರನ್ನು ಹಾಗೇ ಬಿಟ್ಟು ಆಕೆ ಮೇಲೆ ಬಂದಳು.

"ನಿಮ್ಮನೇದಲ್ಲ ಬಿಡು. ಪಾಪ, ನಿನ್ನ ಗಂಡ ಇದರೊಳಗೆ ಎರಡು ಸಲ ಹಿಡೀತಿದ್ದ. ನೆಂಟರು ಯಾರಾದ್ರೂ ಮರೆತು ಹೋದ್ರೇನೋ."

"ನೆಂಟರಲ್ಲಿ ಇಷ್ಟೆತ್ತರ ಯಾರೂ ಇಲ್ಲ ಆಂಟಿ."

ಗುಳಿಗೆ ಆಂಟಿ ಕೋಟನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿ, ಫೋನು ತೆಗೆದು ಅಧ್ಯಕ್ಷರನ್ನು ಕರೆಸಿದಳು.

ಅಧ್ಯಕ್ಷರೆಂದರೆ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರು, ಬ್ಯಾಂಕಿನಿಂದ ನಿವೃತ್ತರಾದವರು. ಪಾರ್ಕಿನಲ್ಲಿ ಮನೆಯಿಲ್ಲದವರ ಟೆಂಟುಗಳು ಏಳಲು ಶುರುವಾದಾಗ ಸಂಜೆಯ ಕಾವಲು ಎಂದು ಏರ್ಪಾಡು ಮಾಡಿ, ಮನೆಗೊಬ್ಬ ಗಂಡಸಿಗೆ ಒಂದೊಂದು ಸೀಟಿ ಹಂಚಿದ್ದರು. ತಮ್ಮ ಸೀಟಿಯನ್ನು ದಾರದಲ್ಲಿ ಪೋಣಿಸಿ ಎದೆ ಮೇಲೆ ಇಳಿಬಿಟ್ಟುಕೊಂಡೇ ಓಡಾಡುತ್ತಿದ್ದರು. ಅವಳ ಗಂಡ ಅವರಿಗೆ ಇಟ್ಟ ಹೆಸರು ಸೀಟಿ ಮಾವ. ಆ ಹೆಸರನ್ನು ಅವನು ಮನೆಯೊಳಗೆ, ಅದೂ ಮೆಲ್ಲಗೆ, ಹೇಳುತ್ತಿದ್ದ.

ಸೀಟಿ ಮಾವ ಕೋಟನ್ನು ಮುಟ್ಟಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿ, ಬಗ್ಗಿ ಮೂಸಿದರು.

"ಇದು ಆ ಲೈಟ್‌ಕಂಬದ್ದು" ಎಂದರು.

ಟೆಂಟಿನವರಲ್ಲಿ ಎಲ್ಲರಿಗಿಂತ ಎತ್ತರದವನಿಗೆ ಬೀದಿಯವರು ಇಟ್ಟುಕೊಂಡಿದ್ದ ಹೆಸರು ಅದು. ಪಾರ್ಕಿನ ನಡುವಿನ ದೀಪದ ಕಂಬ ಕೆಟ್ಟು ನಿಂತ ಮೇಲೆ ಅದರ ಬುಡದಲ್ಲೇ ಅವನ ಟಾರ್ಪಾಲು. ಸಂಜೆ ಹೊತ್ತಿನಲ್ಲಿ ಕಂಬ ಯಾವುದು, ಅವನು ಯಾವುದು ಎಂದು ತಿಳಿಯುತ್ತಿರಲಿಲ್ಲ ಎಂಬುದು ಮೊದಮೊದಲಿನ ತಮಾಷೆ. ಆಮೇಲೆ ತಮಾಷೆ ನಿಂತಿತು. ಒಲೆಯ ಕಿಡಿ ಹಾರಿ ಮಕ್ಕಳ ಜಾರುಬಂಡೆಯ ಪಕ್ಕದ ಬೇಲಿ ಸುಟ್ಟುಹೋಯಿತು. ಟೆಂಟಿನವರ ನಾಯಿ ಅಟ್ಟಿಸಿಕೊಂಡು ಬಂದು ಸೀಟಿ ಮಾವನ ಹೆಂಡತಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅಂದಿನಿಂದ ಅವರು ಮನೆಯ ಮೆಟ್ಟಿಲಿಳಿದಿಲ್ಲ. ಟ್ಯೂಷನ್ನಿನ ಹೆಣ್ಣುಮಕ್ಕಳು ಪಾರ್ಕು ಹಾಯುವುದು ಬಿಟ್ಟು ಸುತ್ತು ಹಾಕಿಕೊಂಡು ಬರುತ್ತಿದ್ದರು. ದೂರು ಕೊಟ್ಟೂ ಕೊಟ್ಟೂ ಬೀದಿಯವರಿಗೆ ಸಾಕಾಗಿತ್ತು. ನಗರಸಭೆಯವರು ಕೇಳುತ್ತಿದ್ದುದು ಒಂದೇ ಮಾತು: ಅವರು ಯಾರ ಮನೆಗಾದರೂ ನುಗ್ಗಿದ್ದಾರೆಯೇ?

"ಕೋಟು ಬಿಟ್ಟು ಹೋಗೋ ಕಳ್ಳ ಎಂಥವನು ಸರ್?" ಎಂದಳು ಗುಳಿಗೆ ಆಂಟಿ. "ಕಳ್ಳತನಕ್ಕೆ ಬಂದೋನು ಮೈಮೇಲಿನ ಬಟ್ಟೆ ಬಿಚ್ಚಿಟ್ಟು ಹೋಗ್ತಾನಾ?"

"ವಾಪಸ್ ಬರೋ ಯೋಚನೆ ಇರೋನು ಬಿಟ್ಟು ಹೋಗ್ತಾನೆ."

ಅವಳ ಕಣ್ಣು ತಾನಾಗಿಯೇ ಅಗುಳಿಯ ಕಡೆ ಹೋಯಿತು. ಅದರ ಒಂದು ಸ್ಕ್ರೂ ಸಡಿಲವಾಗಿದ್ದನ್ನು ಅವಳು ಇದುವರೆಗೆ ಗಮನಿಸಿಯೇ ಇರಲಿಲ್ಲ.

ಮಧ್ಯಾಹ್ನ ಪೊಲೀಸಿನವನು ಬಂದ. ದಣಿದ ಮುಖದ, ಮೆತ್ತಗಿನ ದನಿಯ ಮನುಷ್ಯ.

"ಏನೇನು ಹೋಗಿದೆ ನೋಡ್ಕೊಂಡ್ರಾ ಮೇಡಂ?"

ಅವಳು ಸುಮ್ಮನೆ ಅವನನ್ನು ನೋಡಿದಳು. ಅವನಿಗೆ ಕೇಳಬಾರದ ಮನೆಯಲ್ಲಿ ಕೇಳಿದ್ದು ಹೊಳೆದು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಉಳಿದ ಪ್ರಶ್ನೆಗಳಿಗೆ ಸೀಟಿ ಮಾವನೇ ಉತ್ತರ ಕೊಟ್ಟರು. ಸಾವಿನ ಗಡಿಬಿಡಿಯಲ್ಲಿ ತೆರೆದ ಬಾಗಿಲು, ಒಳಗೆ ನುಗ್ಗಿದ ಲೈಟ್‌ಕಂಬ, ಯಾರೋ ಬಂದ ಸದ್ದಿಗೆ ಕೋಟು ಬಿಟ್ಟು ಓಟ. ಕೇಳುತ್ತ ಕೇಳುತ್ತ ಅವಳಿಗೂ ಅದನ್ನು ಕಣ್ಣಾರೆ ಕಂಡಂತೆ ಆಯಿತು. "ಹೀಗೇ ಅಲ್ವಾ ಮೇಡಂ?" ಎಂದು ಪೊಲೀಸಿನವನು ಕೇಳಿದಾಗ ತಲೆ ಆಡಿಸಿದಳು. ರೈಲಿನಲ್ಲಿದ್ದ ಗಂಡನ ಅಕ್ಕನನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಇವತ್ತೇ ಒಬ್ಬನ್ನ ಎಳ್ಕೊಂಡು ಹೋದ್ರೆ ಮಿಕ್ಕೋರು ಎದ್ದು ನಿಲ್ತಾರೆ" ಎಂದ ಪೊಲೀಸಿನವನು. "ಕೇಸ್ ಆಯ್ತಲ್ಲ, ಇನ್ನು ನಗರಸಭೆಯವರೂ ಲಾರಿ ಕೊಡ್ತಾರೆ. ಪಾರ್ಕು ಖಾಲಿ ಮಾಡಿಸೋ ದಿನ ಈ ಕೋಟು ಅವನಿಗೆ ಹಾಕಿಸಿ ನೋಡ್ತೀವಿ. ಸರಿಯಾಗಿ ಕೂತ್ರೆ ಅವನು ಒಳಗೆ, ಟೆಂಟು ಲಾರಿಗೆ."

"ಅಲ್ಲೀವರೆಗೆ ಇದನ್ನ ನೀವು ತಗೊಂಡು ಹೋಗಿ" ಎಂದಳು ಅವಳು.

"ಠಾಣೇಲಿ ಇಲಿ ಕಾಟ ಮೇಡಂ. ಹೋದ ಸಲ ಸಾಕ್ಷಿ ಚಪ್ಪಲೀನೇ ತಿಂದು ಹಾಕಿದ್ವು. ನಿಮ್ಮ ಹತ್ರಾನೇ ಇರ್ಲಿ."

ಹೀಗೆ ಕೋಟು ಮನೆಯಲ್ಲೇ ಉಳಿಯಿತು. ಮುಟ್ಟಲು ಮನಸ್ಸಾಗದೆ ಪೊರಕೆಯ ಹಿಡಿಯಿಂದ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಬಾಲ್ಕನಿಯ ಮೂಲೆಯಲ್ಲಿಟ್ಟಳು.

ಅವಳದು ಕಿವಿಯ ಕೆಲಸ. ಆಸ್ಪತ್ರೆಯ ಒಂದು ಮೂಲೆಯಲ್ಲಿ, ದಪ್ಪ ಗೋಡೆಯ ಚಿಕ್ಕ ಪೆಟ್ಟಿಗೆಯಂಥ ಕೋಣೆಯಲ್ಲಿ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಗಾಜಿನ ಈಚೆಯಿಂದ ಸಣ್ಣ ಸಣ್ಣ ಸದ್ದು ಬಿಡುವುದು. ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಆ ವಾರದ ಕೊನೆಗೆ ಅವಳು ಕೆಲಸಕ್ಕೆ ಹೋದಳು. ಮನೆಗಿಂತ ಆ ಪೆಟ್ಟಿಗೆ ವಾಸಿ. ಅಲ್ಲಿ ಬರುವ ಪ್ರತಿ ಸದ್ದನ್ನೂ ಅವಳೇ ಕಳಿಸಿರುತ್ತಾಳೆ.

ಮನೆಯಲ್ಲಿ ಹಾಗಿರಲಿಲ್ಲ. ಸಂಜೆ ಬೀಗ ತೆಗೆಯುವ ಮುಂಚೆ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದಳು. ಒಳಗೆ ಹೋದ ಮೇಲೆ ಮಂಚದ ಕೆಳಗೆ, ಬಚ್ಚಲಲ್ಲಿ, ಅಲಮಾರಿನ ಪಕ್ಕದ ಸಂದಿಯಲ್ಲಿ ನೋಡುತ್ತಿದ್ದಳು. ಆ ಸಂದಿಯಲ್ಲಿ ಬೆಕ್ಕೂ ಹಿಡಿಯುವುದಿಲ್ಲ ಎಂದು ಗೊತ್ತಿದ್ದೂ ನೋಡುತ್ತಿದ್ದಳು. ಹಿಂಬಾಗಿಲಿಗೆ ಮೇಜು ಒತ್ತರಿಸಿ, ಅದರ ಮೇಲೆ ಕುಕ್ಕರು, ಕುಕ್ಕರಿನ ಮೇಲೆ ತಟ್ಟೆ. ಯಾರಾದರೂ ನೂಕಿದರೆ ಸದ್ದಾಗಲಿ ಎಂದು. ಸದ್ದಾದರೆ ತಾನೇನು ಮಾಡುತ್ತೇನೆ ಎಂಬುದನ್ನು ಯೋಚಿಸಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಭಯ ಬಾಲ್ಕನಿಯದು. ಅಲ್ಲಿಂದ ಪಾರ್ಕು ಅಂಗೈಯಷ್ಟು ಹತ್ತಿರ. ನೀಲಿ, ಹಸಿರು ಟಾರ್ಪಾಲುಗಳು, ಬೆಂಚಿಗೆ ಬಿಗಿದ ಹಗ್ಗ, ಹಗ್ಗದ ಮೇಲೆ ಬಟ್ಟೆ. ದಿನವೂ ದೀಪ ಹೊತ್ತುವ ಹೊತ್ತಿಗೆ ಲೈಟ್‌ಕಂಬ ಪಾರ್ಕಿನ ಗೇಟಿನಾಚೆ ಬಂದು, ರಸ್ತೆಯ ಆ ಬದಿ ನಿಂತು, ಅವಳ ಬಾಲ್ಕನಿಯನ್ನೇ ನೋಡುತ್ತಿದ್ದ. ಕೈಯೆತ್ತುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಹೆಗಲ ಮೇಲೆ ಗೋಣಿಯಂಥದೇನೋ ಹೊದ್ದು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿರುತ್ತಿದ್ದ. ಒಂದು ಸಂಜೆ ರಸ್ತೆ ದಾಟಿ ಅವರ ಕಟ್ಟಡದ ಗೇಟಿಗೇ ಕೈ ಹಾಕಿದ. ಸೀಟಿ ಮಾವನ ಸೀಟಿ ಮೊಳಗಿತು, ಇನ್ನೂ ಎರಡು ಮೂರು ಕಡೆಯಿಂದ ಸೀಟಿಗಳು ಓಗೊಟ್ಟವು. ಅವನು ತಿರುಗಿ ಉದ್ದುದ್ದ ಹೆಜ್ಜೆ ಹಾಕಿ ಕತ್ತಲಿಗೆ ಸೇರಿಕೊಂಡ. ಪರದೆಯ ಹಿಂದೆ ನಿಂತಿದ್ದ ಅವಳು ಹೋಗಿ ಹಿಂಬಾಗಿಲ ಮೇಜನ್ನು ಇನ್ನಷ್ಟು ಒತ್ತರಿಸಿದಳು.

ಮರುದಿನ ಪೆಟ್ಟಿಗೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಮನೆಯಲ್ಲಿ ಕಳ್ಳತನವಾದ ಮೇಲೆ ಕಿವಿಯಲ್ಲಿ ಸದಾ ಹೆಜ್ಜೆ ಸಪ್ಪಳ ಎಂದು ಬಂದವಳು. ಇವಳು ಯಾವ ಸದ್ದನ್ನೂ ಬಿಡದೆ ಸುಮ್ಮನೆ ಕಾದಳು. ಹೆಂಗಸು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಹೆದರಿದವರು ಹಾಗೆಯೇ, ಇಲ್ಲದ ಸದ್ದಿಗೂ ಒತ್ತುತ್ತಾರೆ. ಅದನ್ನು ಲೆಕ್ಕದಿಂದ ಕಳೆಯುವುದು ಇವಳಿಗೆ ಕಲಿಸಿದ ವಿದ್ಯೆ. ಆ ದಿನ ಮಾತ್ರ ಕಳೆಯಲು ಕೈ ಬರಲಿಲ್ಲ. ಯಾರಿಗೆ ಗೊತ್ತು, ಅವಳಿಗೆ ಕೇಳಿಸಿರಲೂಬಹುದು ಎನಿಸಿತು.

ಲಾರಿ ನಾಳೆ ಬೆಳಗ್ಗೆ ಬರುತ್ತದೆ ಎಂಬ ಸುದ್ದಿ ಗುಳಿಗೆ ಆಂಟಿಯಿಂದ ಬಂತು. ಬೆನ್ನಿಗೇ ಪೊಲೀಸಿನವನ ಫೋನು.

"ಕೋಟು ತಯಾರಿಟ್ಕೊಳ್ಳಿ ಮೇಡಂ. ಜೇಬಲ್ಲಿ ಬ್ಲೇಡು ಗೀಡು ಏನಾದ್ರೂ ಇದ್ರೆ ತೆಗೆದಿಡಿ. ನಮ್ಮ ಹುಡುಗರ ಕೈಗೆ ಚುಚ್ಚೀತು."

ತನ್ನ ಕೈಗೆ ಚುಚ್ಚಿದರೆ ಪರವಾಗಿಲ್ಲವೇನೋ ಎಂದುಕೊಂಡಳು. ಆಸ್ಪತ್ರೆಯಿಂದ ತಂದಿದ್ದ ರಬ್ಬರ್ ಕೈಗವಸು ಹಾಕಿಕೊಂಡು, ಚೀಲವನ್ನು ಬಾಲ್ಕನಿಯ ನೆಲಕ್ಕೆ ಸುರಿದಳು. ಎಡ ಜೇಬಿನಲ್ಲಿ ಒಣಗಿದ ರೊಟ್ಟಿಯ ಚೂರು. ಒಳ ಜೇಬು ಹರಿದಿತ್ತು. ಬಲ ಜೇಬಿನ ತಳದಲ್ಲಿ ಬೆರಳಿಗೆ ಏನೋ ಚಿಕ್ಕದಾಗಿ, ಗಟ್ಟಿಯಾಗಿ ತಗುಲಿತು. ಬ್ಲೇಡೇ ಇರಬೇಕೆಂದು ಮೆಲ್ಲಗೆ ಹೊರಗೆಳೆದಳು.

ಬಸ್ ಟಿಕೆಟ್ಟು. ಅದನ್ನು ಮಡಿಸಿ, ಮತ್ತೆ ಮಡಿಸಿ, ಮತ್ತೂ ಮಡಿಸಿ, ಉಗುರಿನಷ್ಟು ದೊಡ್ಡ ಪುಸ್ತಕ ಮಾಡಿತ್ತು. ಅಂಚುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿದ್ದವು. ಒಂದು ಮೂಲೆಯಲ್ಲಿ ಮಾತ್ರ, ಮಡಿಕೆಗೆ ಸಂಬಂಧವಿಲ್ಲದ ಒಂದು ಸಣ್ಣ ಅಡ್ಡ ಗೆರೆ.

ಅವಳು ಗೋಡೆಗೆ ಒರಗಿ ಕೂತಳು.

ಅವಳ ಗಂಡ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವವನು. ಅವಳ ಪಿಎಚ್‌ಡಿ ಪ್ರಬಂಧಕ್ಕೂ ಅವನೇ ರಟ್ಟು ಹಾಕಿದ್ದ, ಪರಿಚಯವಾದದ್ದೇ ಹಾಗೆ. "ನಿನ್ನ ಥೀಸಿಸ್ಸನ್ನ ಪುಟ ಪುಟ ತಿರುವಿದೋನು ನಾನೊಬ್ಬನೇ. ನಿಮ್ಮ ಗೈಡ್ ಕೂಡ ತಿರುವಿರಲಿಲ್ಲ, ಹಾಳೆಗಳು ಅಂಟಿಕೊಂಡೇ ಇದ್ವು" ಎಂದು ಮದುವೆಗೆ ಬಂದವರ ಎದುರು ಹೇಳಿ ನಗಿಸಿದ್ದ. ಕೈಗೆ ಯಾವ ಚೂರು ಕಾಗದ ಸಿಕ್ಕಿದರೂ ಮಡಿಸುತ್ತಿದ್ದ. ಅದಕ್ಕೂ ಮುಂಚೆ ಒಂದು ಮೂಲೆಯನ್ನು ಹಗುರಾಗಿ ಬಾಗಿಸಿ, ಕಾಗದದ ನಾರು ಯಾವ ಕಡೆ ಓಡುತ್ತದೆ ಎಂದು ನೋಡುತ್ತಿದ್ದ. ನಾರಿನ ಗುಂಟ ಮಡಿಸಿದರೆ ಕಾಗದ ಮಾತು ಕೇಳುತ್ತದಂತೆ. ಬಾಗಿಸಿದ ಕಡೆ ಗೆರೆ ಉಳಿಯುತ್ತಿತ್ತು. ಒಗೆಯಲು ಹಾಕಿದ ಅವನ ಪ್ಯಾಂಟುಗಳಿಂದ ಅವಳು ಇಂಥ ಪುಸ್ತಕಗಳನ್ನು ಹೆಕ್ಕಿ ಹೆಕ್ಕಿ ಬಿಸಾಡಿದ್ದಳು.

ಅವನ ಕೈ ಈ ಜೇಬಿನೊಳಗೆ ಇತ್ತು.

ಕೈಗವಸು ಕಿತ್ತೊಗೆದು ಗಂಡನ ಅಕ್ಕನಿಗೆ ಫೋನು ಮಾಡಿದಳು.

"ಕಂದು ಕೋಟಾ? ನೋಡಿದ್ನಲ್ಲೇ" ಎಂದಳು ಅಕ್ಕ. "ನಾನು ಬಂದ ರಾತ್ರಿ ಬಾಗಿಲು ಹಾಕೋವಾಗಲೇ ಇತ್ತು. ತಮ್ಮಂದು ಅಂದ್ಕೊಂಡೆ. ಅಷ್ಟು ದೊಡ್ಡದು ಯಾಕೆ ತಗೊಂಡ್ನೋ, ಬೆಳೀತೀನಿ ಅಂತಿದ್ನೇನೋ ಈ ವಯಸ್ಸಲ್ಲಿ, ಅಂತ..." ಅಕ್ಕನ ದನಿ ನಗಲು ಹೋಗಿ ದಾರಿ ತಪ್ಪಿತು. ಸ್ವಲ್ಪ ತಡೆದು ಹೇಳಿದಳು: "ಅವನ ಜಾಕೆಟ್ಟು ಬಚ್ಚಲು ಬಕೆಟ್ಟಲ್ಲಿ ನೆಂದು ಕೂತಿತ್ತು. ಒಣಗಿಸಿ ಮಡಿಸಿಟ್ಟಿದ್ದೀನಿ ನೋಡು, ಕೆಳಗಿನ ಖಾನೇಲಿ."

ಅಕ್ಕ ಬಂದ ರಾತ್ರಿ ಎಂದರೆ ಅವನು ಹೋದ ದಿನದ ರಾತ್ರಿ. ಜನ ಬಂದು ಸೇರುವ ಮುಂಚೆ, ಅಂತ್ಯಕ್ರಿಯೆಗೂ ಮುಂಚೆ.

ಅದರ ಹಿಂದಿನ ಸಂಜೆ ಅವಳಿಗೆ ಜ್ವರ. ಮಾತ್ರೆ ನುಂಗಿ ಬೇಗ ಮಲಗಿದ್ದಳು. ಹೊರಗೆ ಮಳೆ ಹುಯ್ಯುತ್ತಿತ್ತು. "ನನ್ನ ಪಾಳಿ ಕಣೇ, ಒಂದು ಸುತ್ತು ಊದಿ ಬರ್ತೀನಿ" ಎಂದು ಅವನು ಹೇಳಿದ್ದು ನಿದ್ದೆಯ ಒಳಗಿನಿಂದ ಕೇಳಿಸಿತ್ತು. ಮಳೆಯಲ್ಲಿ ಯಾರು ಹೋಗುತ್ತಾರೆ, ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು. ಬೆಳಗ್ಗೆ ಅವಳು ಏಳುವಷ್ಟರಲ್ಲಿ ಕೆಲಸಕ್ಕೆ ಹೊರಟುಹೋಗಿದ್ದ. ಮಧ್ಯಾಹ್ನ ಮುದ್ರಣಾಲಯದ ಮೇಜಿನ ಮೇಲೆ, ಅಂಟು ಹಚ್ಚಿದ ಹಾಳೆಗಳ ಮೇಲೆಯೇ ತಲೆಯಿಟ್ಟ. ಹೃದಯ ಎಂದರು ವೈದ್ಯರು.

ಅವನು ಹೋಗಿದ್ದ. ನೆನೆದಿದ್ದ. ಯಾರೋ ಅವನಿಗೆ ಒಣ ಕೋಟು ಕೊಟ್ಟಿದ್ದರು. ಅವನು ಅದನ್ನು ಒಣಗಲೆಂದು ಬಾಗಿಲ ಹಿಂದೆ ತೂಗುಹಾಕಿದ್ದ, ನಾಳೆ ಹಿಂತಿರುಗಿಸೋಣ ಎಂದು.

ಅವಳು ಪೊಲೀಸಿನವನಿಗೆ ತಲೆ ಆಡಿಸಿದ್ದಳು.

ಸೀಟಿ ಮಾವನ ಮನೆಯಲ್ಲಿ ಬೆಳಗಿನ ಏರ್ಪಾಡಿನ ಮಾತು ನಡೆದಿತ್ತು. ಗುಳಿಗೆ ಆಂಟಿಯೂ ಅಲ್ಲೇ ಇದ್ದಳು. ಒಳಕೋಣೆಯಲ್ಲಿ ಅವರ ಹೆಂಡತಿ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿ ಮುಚ್ಚಿ ಕೂತಿದ್ದರು. ಅವಳು ಬಾಗಿಲಲ್ಲೇ ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಟಿಕೆಟ್ಟನ್ನು ಅಂಗೈಯಲ್ಲಿಟ್ಟು ತೋರಿಸಿದಳು.

ಸೀಟಿ ಮಾವ ಕನ್ನಡಕ ಏರಿಸಿ ನೋಡಿದರು.

"ಆವತ್ತು ಮಳೆ ಅಂತ ನಾವ್ಯಾರೂ ಇಳೀಲಿಲ್ಲ. ಅವನೊಬ್ಬ ಹೋಗಿದ್ನಾ?"

"ಹೋಗಿದ್ರು."

"ಹುಚ್ಚು ಹುಡುಗ" ಎಂದು ಅವರು ಬಹಳ ಹೊತ್ತು ಟಿಕೆಟ್ಟನ್ನೇ ನೋಡಿದರು. ಆಮೇಲೆ ದನಿ ಇಳಿಸಿದರು. "ನೋಡು ತಾಯಿ. ನೀನು ಹೇಳೋದು ನಿಜಾನೇ ಇರಬಹುದು. ಆದ್ರೆ ಬೇಲಿ ಸುಟ್ಟಿದ್ದು ಸುಳ್ಳಾ? ಇವಳ ಕೈ ಮುರಿದಿದ್ದು ಸುಳ್ಳಾ? ಅದಕ್ಕೆಲ್ಲ ಯಾರೂ ಬರಲಿಲ್ಲ, ಈ ಕೋಟಿಗೆ ಬಂದ್ರು. ನಾಳೆ ಒಂದು ಬೆಳಗ್ಗೆ ಬಾಯಿ ಮುಚ್ಕೊಂಡಿರು. ಆಮೇಲೆ ಬೇಕಾದ್ರೆ ಹೇಳುವಂತೆ."

"ಅಷ್ಟರಲ್ಲಿ ಅವನು ಒಳಗೆ ಇರ್ತಾನೆ ಸರ್."

"ಒಳಗಾದ್ರೆ ತಲೆ ಮೇಲೆ ಸೂರಾದ್ರೂ ಇರುತ್ತೆ" ಎಂದಳು ಗುಳಿಗೆ ಆಂಟಿ. ಅಂದ ಮೇಲೆ ತನ್ನ ಮಾತು ತನಗೇ ಕಹಿಯಾದಂತೆ ಮುಖ ಆಚೆ ತಿರುಗಿಸಿದಳು.

"ನಿನಗೆ ಅವರ ಭಯ ಇಲ್ವಾ?" ಎಂದು ಕೇಳಿದರು ಸೀಟಿ ಮಾವ.

"ಇದೆ. ಈಗಲೂ ಇದೆ."

"ಹಾಗಾದ್ರೆ ಯೋಚನೆ ಮಾಡು. ಒಬ್ಬಳೇ ಇರೋಳು. ನಾಳೆ ನಿಜವಾಗ್ಲೂ ಯಾರಾದ್ರೂ ನುಗ್ಗಿದ್ರೆ ಸೀಟಿ ಊದಿಕೊಂಡು ಬರೋರು ನಾವೇ ಅಲ್ವಾ?"

ಅದರಲ್ಲಿ ಬೆದರಿಕೆ ಇರಲಿಲ್ಲ. ಬೆದರಿಕೆಯಿದ್ದಿದ್ದರೆ ವಾಸಿಯಿತ್ತು. ಹೆದರಿದ ಮುದುಕರೊಬ್ಬರು ಹೆದರಿದ ಹುಡುಗಿಗೆ ಹೇಳಿದ ನಿಜ ಅದು. ಮನೆಗೆ ಬಂದವಳು ಕೋಟನ್ನು ಚೀಲಕ್ಕೆ ಹಾಕಲಿಲ್ಲ. ಹಿಂಬಾಗಿಲ ಮೊಳೆಗೂ ಹಾಕಲಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿ, ಅದರ ಎದುರಿಗೆ ಕೂತು ಬೆಳಕು ಹರಿಸಿದಳು.

ಲಾರಿ ಬಂದ ಸದ್ದಿಗೆ ಎದ್ದಳು. ಕೋಟನ್ನು ಎರಡೂ ಕೈಯಲ್ಲಿ ಹೊತ್ತು ಕೆಳಗಿಳಿದಳು. ಎತ್ತಿಕೊಂಡಾಗಲೇ ಅದರ ಭಾರ ಗೊತ್ತಾಗಿದ್ದು, ನಿದ್ದೆ ಹೋದ ಮಗುವಿನಷ್ಟು. ಪಾರ್ಕಿನ ಗೇಟಿನಲ್ಲಿ ಪೊಲೀಸಿನವನು, ಅವನ ಜೊತೆ ಇಬ್ಬರು, ನಗರಸಭೆಯ ಆಳುಗಳು, ಸೀಟಿ ಮಾವ, ಬೀದಿಯವರು.

"ಬನ್ನಿ ಮೇಡಂ, ಇಲ್ಲಿ ಕೊಡಿ" ಎಂದು ಪೊಲೀಸಿನವನು ಕೈ ಚಾಚಿದ.

"ನಾನೇ ಕೊಡ್ತೀನಿ" ಎಂದು ಅವನನ್ನು ದಾಟಿ ಒಳಗೆ ನಡೆದಳು.

ಮದುವೆಯಾಗಿ ಬಂದ ಹೊಸದರಲ್ಲಿ ಇದೇ ದಾರಿಯಲ್ಲಿ ಇಬ್ಬರೂ ನಡೆಯುತ್ತಿದ್ದರು. ಈಗ ಹುಲ್ಲಿನ ಮೇಲೆ ಕಾಲಿಡಲು ಜಾಗ ಹುಡುಕಬೇಕಾಗಿತ್ತು. ಬಕೆಟ್ಟುಗಳು, ಇಟ್ಟಿಗೆ ಒಲೆ, ಚಕ್ರವಿಲ್ಲದ ತಳ್ಳುಗಾಡಿ. ನಾಯಿ ಬೊಗಳಿತು. ಅವಳು ಕೋಟನ್ನು ಎದೆಗೆ ಒತ್ತಿಕೊಂಡಳು. ಆದರೆ ಅವಳು ಹೆಜ್ಜೆ ಇಟ್ಟ ಕಡೆಯೆಲ್ಲ ಟಾರ್ಪಾಲುಗಳು ಒಳಗಿನಿಂದ ಮುಚ್ಚಿಕೊಂಡವು. ಒಬ್ಬ ಮುದುಕಿ ನಾಯಿಯ ಬಾಯಿಯನ್ನು ಎರಡೂ ಕೈಯಿಂದ ಬಿಗಿಹಿಡಿದು, ಇವಳನ್ನು ನೋಡದೆ ನೆಲ ನೋಡುತ್ತ ಕೂತಳು. ಅವರು ಹೆದರಿದ್ದು ತನಗೆ ಎಂದು ಅವಳಿಗೆ ತಿಳಿಯಲು ಕೆಲವು ಹೆಜ್ಜೆ ಬೇಕಾಯಿತು.

ಲೈಟ್‌ಕಂಬ ದೀಪದ ಕಂಬದ ಬುಡದಲ್ಲಿ ಎದ್ದು ನಿಂತಿದ್ದ. ಹತ್ತಿರದಿಂದ ಅವನ ವಯಸ್ಸು ಕಂಡಿತು, ತಲೆ ಪೂರ್ತಿ ನರೆತಿತ್ತು. ತುಟಿ ನೀಲಿಗಟ್ಟಿತ್ತು. ಕೋಟನ್ನು ನೋಡಿದವನೇ ಒಂದು ಹೆಜ್ಜೆ ಹಿಂದೆ ಸರಿದ.

"ತಗೊಳ್ಳಿ" ಎಂದಳು.

"ಅದು ನಂದಲ್ಲ."

"ನಿಮ್ಮದೇ."

"ನಂದಲ್ಲ ತಾಯಿ. ನನ್ನ ಹತ್ರ ಕೋಟೇ ಇರಲಿಲ್ಲ" ಎಂದ. ಹೇಳುವಾಗ ಹಲ್ಲು ಕಟಕಟಿಸುತ್ತಿತ್ತು. ಕಣ್ಣು ಅವಳ ಹೆಗಲಾಚೆ, ಪೊಲೀಸಿನವನ ಮೇಲೆ. ಹಾಕಿಸಿ ನೋಡುವ ಮಾತು ಇಲ್ಲಿಗೂ ಮುಟ್ಟಿತ್ತು.

ಹಿಂದೆ ಹೆಜ್ಜೆಗಳು ಹತ್ತಿರ ಬಂದವು. ಗಂಡ ತೀರಿಕೊಂಡ ಮೇಲೆ ಅವಳು ಇಷ್ಟು ಜನರ ಎದುರು ಒಂದು ಮಾತೂ ಆಡಿರಲಿಲ್ಲ. ಅವಳು ಗೇಟಿನವರೆಗೂ ಕೇಳುವಂತೆ ಹೇಳಿದಳು:

"ಮಳೆ ಬಂದ ಸಂಜೆ ನನ್ನ ಗಂಡ ನಿಮ್ಮಿಂದ ಈ ಕೋಟು ಕೇಳಿ ತಗೊಂಡಿದ್ರು. ಸೀಟಿ ಹಿಡ್ಕೊಂಡು ಬಂದಿದ್ದ ಕುಳ್ಳನೆಯ ಮನುಷ್ಯ. ಯಾರೂ ನಮ್ಮ ಮನೆಗೆ ನುಗ್ಗಿಲ್ಲ. ನಾನು ಆವತ್ತು ತಪ್ಪಾಗಿ ಹೇಳಿದೆ. ಈಗ ವಾಪಸ್ ಕೊಡೋಕೆ ಬಂದಿದ್ದೀನಿ."

ಪೊಲೀಸಿನವನು ನಿಂತ. ಸೀಟಿ ಮಾವ ಎದೆ ಮೇಲಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಅವರ ಮುಖದಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು. ಅದನ್ನು ನೋಡಲಾರದೆ ಅವಳು ತಿರುಗಿದಳು.

"ಕೇಳಲಿಲ್ಲ ಅವರು" ಎಂದ ಲೈಟ್‌ಕಂಬ, ಬಹಳ ಮೆಲ್ಲಗೆ. "ನಾನೇ ಕೊಟ್ಟೆ. ನೆಂದು ತೊಪ್ಪೆಯಾಗಿ ಈ ಟಾರ್ಪಾಲಡಿ ಕೂತಿದ್ರು. ಯಾಕೆ ಬಂದ್ರಿ ಸ್ವಾಮಿ ಅಂದ್ರೆ, ನಿಮ್ಮನ್ನ ಕಾಯೋಕೆ ಅಂದ್ರು. ನಮ್ಮಿಂದ ಕಾಯೋಕಾ, ನಮ್ಮನ್ನ ಕಾಯೋಕಾ ಅಂದೆ. ನಗಾಡಿದ್ರು. ನಾಳೆ ತಂದ್ಕೊಡ್ತೀನಿ ಅಂದ್ರು." ಅವನು ಅವಳ ಬಾಲ್ಕನಿಯ ಕಡೆ ತಲೆ ಎತ್ತಿದ. "ಆಮೇಲೆ ನಿಮ್ಮನೇಲಿ ಜನ ಸೇರಿದ್ದು ನೋಡಿದೆ. ಯಾರು ಹೋದ್ರು ಅಂತ ಗೊತ್ತಾಗ್ಲಿಲ್ಲ. ಅವರು ಆಚೆ ಬರ್ತಾರೇನೋ ಅಂತ ದಿನಾ ನೋಡ್ತಿದ್ದೆ. ಸಾವಿನ ಮನೆಗೆ ಹೋಗಿ ಕೋಟು ಕೊಡಿ ಅಂತ ಹೇಗೆ ಕೇಳೋದು."

"ಅವರೇ ಹೋಗಿದ್ದು" ಎಂದಳು.

ಅವನು ತಲೆ ತಗ್ಗಿಸಿದ. ಆದರೂ ಕೋಟಿಗೆ ಕೈ ಚಾಚಲಿಲ್ಲ. ಗೇಟಿನ ಕಡೆ ನೋಡಿದ, ಲಾರಿಯ ಕಡೆ ನೋಡಿದ. ಅವನ ಕೈಗಳು ಕಂಕುಳಿನಿಂದ ಹೊರಬರಲು ಒಪ್ಪುತ್ತಿರಲಿಲ್ಲ. ಅವಳ ತೋಳು ನೋಯತೊಡಗಿತು. ಲಾರಿಯ ಎಂಜಿನ್ನು ಆಫಾಗದೆ ಗುರುಗುಟ್ಟುತ್ತಲೇ ಇತ್ತು. ಯಾರು ಯಾರಿಗೆ ಏನು ಹೇಳುತ್ತಾರೆ, ಇನ್ನರ್ಧ ಗಂಟೆಯಲ್ಲಿ ಈ ಟಾರ್ಪಾಲುಗಳು ಎಲ್ಲಿರುತ್ತವೆ, ಇಂದು ಸಂಜೆ ತನ್ನ ಬಾಗಿಲು ಬಡಿದರೆ ಯಾರು ಬರುತ್ತಾರೆ, ಅವಳಿಗೆ ಒಂದೂ ಗೊತ್ತಿರಲಿಲ್ಲ.

ಅವಳು ಕೋಟನ್ನು ಕೊಡವಿ, ಹೆಗಲುಗಳನ್ನು ಹಿಡಿದು ಅಗಲಿಸಿದಳು, ತೊಡಿಸುವವರು ಹಿಡಿಯುವಂತೆ.

"ತಿರುಗಿ" ಎಂದಳು.

ಲೈಟ್‌ಕಂಬ ಅವಳನ್ನು ನೋಡಿದ. ಆಮೇಲೆ ನಿಧಾನವಾಗಿ, ಹೊಡೆತ ಕಾಯುವವನಂತೆ ಹೆಗಲು ಕುಗ್ಗಿಸಿಕೊಂಡು, ಅವಳಿಗೆ ಬೆನ್ನು ಕೊಟ್ಟು ಕೈಗಳನ್ನು ಹಿಂದಕ್ಕೆ ಚಾಚಿದ. ಅವಳಿಗೆ ಎಟುಕಲಿಲ್ಲ. ತುದಿಗಾಲಲ್ಲಿ ನಿಂತು ಒಂದು ತೋಳು ಏರಿಸಿದಳು, ಆಮೇಲೆ ಇನ್ನೊಂದು.